ಪವರ್ ವಿಂಡೋ ದಿಢೀರನೆ ನಿಂತುಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಗಾಜು ಏಳದಿದ್ದ ಕೂಡಲೇ "ಮೋಟಾರ್ ಹೋಗಿದೆ" ಎಂದು ತೀರ್ಮಾನಿಸಿ ಹೊಸದನ್ನು ಹಾಕಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಚಾಲಕನ ಬಾಗಿಲಿನಲ್ಲಿ ಎಲ್ಲ ಗಾಜುಗಳನ್ನೂ ನಡೆಸುವ ಮಾಸ್ಟರ್ ಸ್ವಿಚ್, ಬಾಗಿಲಿನ ಸಂದಿಯಲ್ಲಿ ದಿನವೂ ಬಾಗಿ ಬಾಗಿ ಸವೆಯುವ ವೈರುಗಳು, ಇಷ್ಟನ್ನೂ ದಾಟಿದ ಮೇಲೆ ಮೋಟಾರನ್ನು ಮುಟ್ಟುತ್ತದೆ. ಮೋಟಾರಿನಿಂದ ಮುಂದೆ ರೆಗ್ಯುಲೇಟರ್ (ಗಾಜನ್ನು ಏರಿಸಿ ಇಳಿಸುವ ಕೇಬಲ್ ಅಥವಾ ತೋಳಿನ ಸಲಕರಣೆ), ಗಾಜು, ಗಾಜು ಜಾರುವ ರಬ್ಬರ್ ಚಾನಲ್ ಇವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವುದು ಒಂದೇ: ಬಟನ್ ಒತ್ತಿದರೂ ಗಾಜು ಅಲ್ಲಾಡುವುದಿಲ್ಲ. ಹಾಗಾಗಿ ಬಿಡಿಭಾಗಕ್ಕೆ ದುಡ್ಡು ಹಾಕುವ ಮುನ್ನ ದೋಷ ಎಲ್ಲಿದೆ ಎಂದು ಹುಡುಕಲೇಬೇಕು. ಸ್ವಲ್ಪ ತಾಳ್ಮೆ ಇದ್ದರೆ ಇದರಲ್ಲಿ ಬಹುಪಾಲು ಮನೆಯಂಗಳದಲ್ಲೇ ಆಗುವ ಕೆಲಸ.

ಮೊದಲು ಏನನ್ನು ನೋಡಬೇಕು?

ಎಷ್ಟು ಗಾಜು ನಿಂತಿವೆ ಎಂದು ಎಣಿಸಿ. ಇಗ್ನಿಷನ್ ಆನ್ ಮಾಡಿ, ನಾಲ್ಕೂ ಬಾಗಿಲುಗಳನ್ನು ಚಾಲಕನ ಕಡೆಯಿಂದ ಒಮ್ಮೆ, ಆಯಾ ಬಾಗಿಲಿನ ಸ್ವಿಚ್ಚಿನಿಂದ ಇನ್ನೊಮ್ಮೆ ಪರೀಕ್ಷಿಸಿ.

ನಾಲ್ಕೂ ಒಟ್ಟಿಗೆ ನಿಂತಿದ್ದರೆ ನಾಲ್ಕು ಮೋಟಾರ್ ಒಂದೇ ದಿನ ಸುಟ್ಟಿರಲು ಸಾಧ್ಯವಿಲ್ಲ. ಮುಖ್ಯ ಫ್ಯೂಸ್, ಪವರ್ ವಿಂಡೋ ರಿಲೇ, ಮಾಸ್ಟರ್ ಸ್ವಿಚ್ಚಿಗೆ ಬರುವ ಕರೆಂಟು ಅಥವಾ ಅದರ ಅರ್ಥ್ ವೈರ್ (ಕರೆಂಟು ಕಾರಿನ ಲೋಹದ ಬಾಡಿಗೆ ಮರಳುವ ದಾರಿ) ನೋಡಿ. ಚಾಲಕನ ಗಾಜು ಮಾತ್ರ ಸರಿಯಿದ್ದು ಉಳಿದ ಮೂರು ನಿಂತಿದ್ದರೆ ಮೊದಲು ಲಾಕ್ ಬಟನ್ ನೋಡಿ, ಆಮೇಲೆ ಮಾಸ್ಟರ್ ಸ್ವಿಚ್. ಒಂದೇ ಒಂದು ಗಾಜು ನಿಂತಿದ್ದರೆ ದೋಷ ಬಹುತೇಕ ಆ ಬಾಗಿಲಿನಲ್ಲಿ ಅಥವಾ ಆ ಬಾಗಿಲಿಗೆ ಹೋಗುವ ವೈರುಗಳಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಪ್ರತಿ ಬಾಗಿಲಿಗೂ ಬೇರೆ ಫ್ಯೂಸ್ ಇರುತ್ತದೆ. ಅದನ್ನು ಮರೆಯಬೇಡಿ.

ಲಾಕ್ ಬಟನ್ ಎಂದರೆ ಯಾವುದು?

ಚಾಲಕನ ಬಾಗಿಲಿನ ಸ್ವಿಚ್ಚುಗಳ ಜೊತೆಯಲ್ಲೇ, ಗಾಜಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದಂತಹ ಗುರುತಿರುವ ಬಟನ್. ಮಕ್ಕಳು ಹಿಂದಿನ ಗಾಜನ್ನು ಇಳಿಸದಿರಲೆಂದು ಕೊಟ್ಟದ್ದು. ಕಾರು ತೊಳೆಸಿದ ಮೇಲೆ, ಸರ್ವಿಸಿಗೆ ಬಿಟ್ಟು ತಂದ ಮೇಲೆ "ಹಿಂದಿನ ಗಾಜು ಕೆಲಸ ಮಾಡುತ್ತಿಲ್ಲ" ಎಂಬ ದೂರು ಬಂದರೆ, ಬಟ್ಟೆಯಲ್ಲಿ ಒರೆಸುವಾಗ ಈ ಬಟನ್ ಒತ್ತಿಹೋಗಿರುವ ಸಾಧ್ಯತೆಯೇ ಹೆಚ್ಚು.

ಬಟನ್ ಒತ್ತಿದಾಗ ಬರುವ ಸದ್ದಿನಿಂದ ಏನು ತಿಳಿಯುತ್ತದೆ?

ಬಹಳಷ್ಟು ತಿಳಿಯುತ್ತದೆ. ರೇಡಿಯೊ, ಏಸಿ ಫ್ಯಾನ್ ಎರಡನ್ನೂ ನಿಲ್ಲಿಸಿ, ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ, ಬಾಗಿಲಿಗೆ ಕಿವಿಗೊಟ್ಟು ಬಟನ್ ಒತ್ತಿ.

ಏನೂ ಸದ್ದಿಲ್ಲದಿದ್ದರೆ ಕರೆಂಟು ಮೋಟಾರಿನ ತನಕ ಬರುತ್ತಿಲ್ಲ, ಇಲ್ಲವೇ ಮೋಟಾರಿನ ಒಳಗೆ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ ಸವೆದಿದೆ. "ಟಕ್" ಎಂದು ಒಮ್ಮೆ ಕೇಳಿಸಿ ಸುಮ್ಮನಾದರೆ ಮೋಟಾರಿಗೆ ಕರೆಂಟು ಬಂದಿದೆ, ಆದರೆ ಏನೋ ಬಿಗಿದು ತಿರುಗಲಾಗುತ್ತಿಲ್ಲ. "ಗುಯ್" ಎಂದು ಮೋಟಾರ್ ಸರಾಗವಾಗಿ ತಿರುಗಿದರೂ ಗಾಜು ಅಲ್ಲೇ ನಿಂತಿದ್ದರೆ ಮೋಟಾರ್ ಚೆನ್ನಾಗಿದೆ, ರೆಗ್ಯುಲೇಟರಿನ ಕೇಬಲ್ ತುಂಡಾಗಿದೆ ಅಥವಾ ಗಾಜನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. "ಕರಕರ" ಎಂದರೆ ಕೇಬಲಿನ ಎಳೆಗಳು ಬಿಚ್ಚಿ, ಕೇಬಲ್ ಸುತ್ತುವ ಡ್ರಮ್ಮಿಗೆ ಸಿಕ್ಕಿಕೊಂಡಿವೆ, ಅಥವಾ ಮೋಟಾರಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ. ಕರಕರ ಕೇಳಿದ ಮೇಲೆ ಮತ್ತೆ ಮತ್ತೆ ಒತ್ತಬೇಡಿ. ಬಿಡಿಸಬಹುದಾಗಿದ್ದ ಕೇಬಲ್ ಇನ್ನಷ್ಟು ಗಂಟಾಗುತ್ತದೆ.

ಇದರ ಜೊತೆಗೆ ಕತ್ತಲಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಚಾವಣಿಯ ಒಳದೀಪ ಹಾಕಿ ಬಟನ್ ಒತ್ತಿ. ದೀಪ ಚೂರು ಮಂಕಾದರೆ ಮೋಟಾರ್ ಕರೆಂಟು ಎಳೆಯುತ್ತಿದೆ ಎಂದರ್ಥ. ಫ್ಯೂಸ್, ಸ್ವಿಚ್, ವೈರ್ ಎಲ್ಲ ಸರಿ, ತೊಡಕು ಇರುವುದು ಗಾಜು ಜಾರುವ ಹಾದಿಯಲ್ಲಿ ಅಥವಾ ಮೋಟಾರಿನೊಳಗೆ. ದೀಪ ಕದಲದಿದ್ದರೆ ದೋಷ ವಿದ್ಯುತ್ತಿನದು. ಎಲ್‌ಇಡಿ ದೀಪವಿರುವ ಕಾರುಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಮಳೆ ಸುರಿಯುತ್ತಿದೆ, ಗಾಜು ಕೆಳಗೇ ನಿಂತಿದೆ. ಈಗಲೇ ಮೇಲೆ ತರುವುದು ಹೇಗೆ?

ಎಂಜಿನ್ ಸ್ಟಾರ್ಟ್ ಮಾಡಿ. ಬ್ಯಾಟರಿ ಒಂದೇ ಇದ್ದಾಗ 12.6 ವೋಲ್ಟ್ ಇರುವುದು, ಎಂಜಿನ್ ಓಡುವಾಗ 13.8ರಿಂದ 14.4ರಷ್ಟಾಗುತ್ತದೆ. ಸೋತ ಮೋಟಾರಿಗೆ ಅಷ್ಟೇ ಸಾಕಾಗಬಹುದು. ಈಗ ಒಬ್ಬರು ಬಟನ್ನನ್ನು ಮೇಲ್ಮುಖವಾಗಿ ಹಿಡಿದಿರಲಿ. ಇನ್ನೊಬ್ಬರು ಬಾಗಿಲು ತೆರೆದು, ಎರಡೂ ಅಂಗೈಗಳಿಂದ ಗಾಜನ್ನು ಒಳಗೂ ಹೊರಗೂ ಒತ್ತಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಲಿ. ಗಾಜು ಪೂರ್ತಿ ಒಳಗೆ ಹೋಗಿದ್ದರೆ ಹಿಡಿತ ಸಿಗುವುದಿಲ್ಲ. ಆಗ ಬಟನ್ ಹಿಡಿದೇ, ಬಾಗಿಲಿನ ಒಳಭಾಗದಲ್ಲಿ ಮೋಟಾರ್ ಇರುವ ಜಾಗಕ್ಕೆ, ಅಂದರೆ ಸ್ಪೀಕರಿನಿಂದ ಸ್ವಲ್ಪ ಮೇಲೆ, ಮುಷ್ಟಿಯಿಂದ ಗುದ್ದಿ. ಸವೆದ ಬ್ರಶ್ ಆ ಅದುರಿಗೆ ಮತ್ತೆ ತಾಗಿ ಮೋಟಾರ್ ಒಮ್ಮೆ ಓಡಬಹುದು.

ಗಾಜು ಮೇಲೆ ಬಂದರೆ ಮತ್ತೆ ಇಳಿಸಬೇಡಿ. ಅಗಲವಾದ ಟೇಪನ್ನು ಗಾಜಿನ ಒಳಮೈಯಿಂದ ಶುರುಮಾಡಿ ಬಾಗಿಲಿನ ಚೌಕಟ್ಟಿನ ಮೇಲೆ ಹಾಯಿಸಿ ಹೊರಮೈಗೆ ಅಂಟಿಸಿ. ಬರಲೇ ಇಲ್ಲವೆಂದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿನ ಮೇಲೆ ಹೊದಿಸಿ, ಅಂಚನ್ನು ಒಳಗೆ ಮಡಚಿ ಬಾಗಿಲು ಹಾಕಿ. ಮುಂದಿನ ಬಾಗಿಲಾದರೆ ಪಕ್ಕದ ಕನ್ನಡಿ ಕಾಣುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಆ ಸ್ಥಿತಿಯಲ್ಲಿ ಓಡಿಸಬೇಡಿ.

ಫ್ಯೂಸ್ ಎಲ್ಲಿರುತ್ತದೆ? ಹೇಗೆ ನೋಡುವುದು?

ಎರಡು ಕಡೆ ಹುಡುಕಿ: ಸ್ಟಿಯರಿಂಗ್ ಕೆಳಗಿನ ಪೆಟ್ಟಿಗೆ, ಬಾನೆಟ್ ಒಳಗೆ ಬ್ಯಾಟರಿಯ ಹತ್ತಿರದ ಪೆಟ್ಟಿಗೆ. ಮುಚ್ಚಳದ ಒಳಮೈಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ನಕ್ಷೆ ಇರುತ್ತದೆ. ಪವರ್ ವಿಂಡೋಗೆ ಸಾಮಾನ್ಯವಾಗಿ 20, 25 ಅಥವಾ 30 ಆಂಪಿಯರಿನ ಫ್ಯೂಸ್. ಎರಡು ಕಾಲಿನ ಬ್ಲೇಡ್ ಫ್ಯೂಸಿನಲ್ಲಿ ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30.

ಕಣ್ಣಿನಿಂದ ನೋಡಿ ನಂಬಬೇಡಿ. ತಂತಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಾಣುವುದಿಲ್ಲ. ಫ್ಯೂಸಿನ ಬೆನ್ನಿನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಇಗ್ನಿಷನ್ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ (ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಮೊನೆ ಇರುವ ಪರೀಕ್ಷಾ ದೀಪ) ಕ್ಲಿಪ್ಪನ್ನು ಬಾಡಿಯ ಬಣ್ಣ ಬಳಿಯದ ಬೋಲ್ಟಿಗೆ ಸಿಕ್ಕಿಸಿ, ಮೊನೆಯಿಂದ ಎರಡೂ ಚುಕ್ಕೆಗಳನ್ನು ಮುಟ್ಟಿ. ಎರಡರಲ್ಲೂ ದೀಪ ಉರಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಉರಿದರೆ ಹೋಗಿದೆ. ಎರಡರಲ್ಲೂ ಇಲ್ಲವೆಂದರೆ ಫ್ಯೂಸಿಗೇ ಕರೆಂಟು ಬರುತ್ತಿಲ್ಲ, ಇನ್ನೂ ಹಿಂದಕ್ಕೆ ಹೋಗಬೇಕು.

ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಹೋಯಿತು. ದೊಡ್ಡ ಫ್ಯೂಸ್ ಹಾಕಬಹುದೇ?

ಖಂಡಿತ ಬೇಡ. ಫ್ಯೂಸ್ ಇರುವುದು ಮೋಟಾರಿಗಾಗಿ ಅಲ್ಲ, ವೈರಿಗಾಗಿ. 20ರ ಜಾಗಕ್ಕೆ 40 ಹಾಕಿದರೆ, ಅಥವಾ ತಂತಿಯನ್ನೋ ಬೆಳ್ಳಿ ಕಾಗದವನ್ನೋ ಸುತ್ತಿದರೆ, ಮುಂದೆ ಸುಡುವುದು ಕಾರ್ಪೆಟಿನ ಕೆಳಗಿನ ವೈರಿಂಗ್. ಕಾರಿಗೆ ಬೆಂಕಿ ಹತ್ತುವುದು ಹೀಗೆಯೇ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಮೋಟಾರ್ ಬಿಗಿದು ವಿಪರೀತ ಕರೆಂಟು ಎಳೆಯುತ್ತಿದೆ. ಆರೋಗ್ಯವಾಗಿರುವ ಮೋಟಾರ್ ಗಾಜು ಏರಿಸುವಾಗ ಸುಮಾರು 5ರಿಂದ 10 ಆಂಪಿಯರ್ ಎಳೆಯುತ್ತದೆ. ಬಿಗಿದು ನಿಂತರೆ 20 ದಾಟಬಹುದು. ಪತ್ತೆ ಮಾಡಲು ಎಲ್ಲ ಬಾಗಿಲುಗಳ ಕಪ್ಲರ್‌ಗಳನ್ನು (ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಿ, ಹೊಸ ಫ್ಯೂಸ್ ಹಾಕಿ, ಒಂದೊಂದೇ ಬಾಗಿಲನ್ನು ಜೋಡಿಸುತ್ತ ಬನ್ನಿ. ಯಾವುದನ್ನು ಜೋಡಿಸಿ ಬಟನ್ ಒತ್ತಿದಾಗ ಫ್ಯೂಸ್ ಹೋಯಿತೋ ದೋಷ ಅದರಲ್ಲಿದೆ. ಯಾವುದನ್ನೂ ಜೋಡಿಸದೆಯೇ ಹೋದರೆ ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗ್ ನೋಡಿ. ಕಾರನ್ನು ಬಯಲಲ್ಲೋ ತೋಟದ ಶೆಡ್ಡಿನಲ್ಲೋ ನಿಲ್ಲಿಸುವವರು ಇಲಿ ಕಚ್ಚಿದ ಗುರುತಿದೆಯೇ ಎಂದು ಮೊದಲು ಹುಡುಕಬೇಕು.

ರಿಲೇ ಪರೀಕ್ಷಿಸುವುದು ಹೇಗೆ?

ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಸಾಮಾನ್ಯವಾಗಿ ಇರುತ್ತದೆ, ಹಾರ್ನ್ ಅಥವಾ ಫಾಗ್ ಲ್ಯಾಂಪಿನದು. ಎರಡನ್ನೂ ಅದಲು ಬದಲು ಮಾಡಿ. ಗಾಜು ಓಡಿತೇ? ರಿಲೇ ಬದಲಿಸಿ, ಮುಗಿಯಿತು. ರಿಲೇ ಮೇಲೆ ಬರೆದ ನಂಬರ್ ಮತ್ತು ಕಾಲುಗಳ ಸಂಖ್ಯೆ ಎರಡೂ ಹೊಂದಬೇಕು. ಮೀಟರ್ ಇದ್ದರೆ 85 ಮತ್ತು 86 ನಂಬರಿನ ಕಾಲುಗಳ ನಡುವೆ ಸುಮಾರು 50ರಿಂದ 120 ಓಂ ಬರಬೇಕು. ರಿಲೇ "ಟಕ್" ಎಂದ ಮಾತ್ರಕ್ಕೆ ಸರಿಯಿದೆ ಎನ್ನಬೇಡಿ. ಒಳಗೆ ಕರೆಂಟು ದಾಟಿಸಲು ಒಂದಕ್ಕೊಂದು ತಾಗುವ ಲೋಹದ ಕಾಂಟ್ಯಾಕ್ಟ್ ಕರಕಲಾಗಿದ್ದರೂ ಸದ್ದು ಬರುತ್ತದೆ.

ಹಿಂದಿನ ಗಾಜು ಕೆಳಗಿಳಿಯುತ್ತದೆ, ಮೇಲೇಳುವುದಿಲ್ಲ. ಮೋಟಾರ್ ಅರ್ಧ ಹೋಗಿದೆಯೇ?

ಮೋಟಾರ್ ಅರ್ಧ ಹೋಗುವುದೆಂಬುದಿಲ್ಲ. ಎರಡು ವೈರಿನ ಮೋಟಾರಿಗೆ ಮೇಲೆ ಕೆಳಗೆ ಎಂಬ ಭೇದ ಗೊತ್ತಿಲ್ಲ. ಧನ ಋಣ ಅದಲು ಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ, ಅಷ್ಟೇ. ಕೆಳಗೆ ಓಡಿದ ಮೋಟಾರಿಗೆ ಮೇಲಕ್ಕೂ ಓಡಲು ಬರುತ್ತದೆ. ಇಲ್ಲಿ ಎರಡೇ ಸಾಧ್ಯತೆ. ಮೋಟಾರ್ ಮೇಲ್ಮುಖವಾಗಿ ಗುನುಗುತ್ತಿದ್ದು ಗಾಜು ಮಾತ್ರ ಏಳದಿದ್ದರೆ ರಬ್ಬರ್ ಚಾನಲ್ ಬಿಗಿಯಾಗಿದೆ, ಏಕೆಂದರೆ ಇಳಿಯುವಾಗ ಗಾಜಿನ ಭಾರವೇ ಸಹಾಯಕ್ಕೆ ಬರುತ್ತದೆ, ಏರುವಾಗ ಬರುವುದಿಲ್ಲ. ಸದ್ದೇ ಇಲ್ಲದಿದ್ದರೆ ದೋಷ ಸ್ವಿಚ್ಚಿನದು ಅಥವಾ ಸ್ವಿಚ್ಚುಗಳ ನಡುವಿನ ವೈರಿನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗ್ಯಾರೇಜಿನಲ್ಲಿ ದಾರಿ ತಪ್ಪುವುದು ಇಲ್ಲಿಯೇ. ಹಳೆಯ ಮಾದರಿಯ, ಅಂದರೆ ಗಾಜನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ (ಮಾಡ್ಯೂಲ್) ಇಲ್ಲದ ಕಾರುಗಳಲ್ಲಿ ಪ್ರಯಾಣಿಕರ ಬಾಗಿಲಿನ ಸ್ವಿಚ್ಚಿಗೆ ಐದು ವೈರುಗಳಿರುತ್ತವೆ. ಒಂದು ಫ್ಯೂಸಿನ ಕಡೆಯಿಂದ ಕರೆಂಟು ತರುವುದು. ಎರಡು ಮೋಟಾರಿಗೆ ಹೋಗುವವು. ಉಳಿದೆರಡು ಚಾಲಕನ ಮಾಸ್ಟರ್ ಸ್ವಿಚ್ಚಿನಿಂದ ಬರುವವು. ಯಾರೂ ಯಾವ ಬಟನ್ನನ್ನೂ ಒತ್ತದಿರುವಾಗ ಮೋಟಾರಿನ ಎರಡೂ ತುದಿಗಳು ಈ ಎರಡು ವೈರುಗಳ ಮೂಲಕ ಮಾಸ್ಟರ್ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಅರ್ಥ್ ಆಗಿರುತ್ತವೆ. ಹಿಂದೆ ಕುಳಿತವರು ಬಟನ್ ಎತ್ತಿದಾಗ ಒಂದು ತುದಿಗೆ ಮಾತ್ರ ಕರೆಂಟು ಸೇರುತ್ತದೆ. ಇನ್ನೊಂದು ತುದಿಯ ಅರ್ಥ್ ಆಗಲೂ ಚಾಲಕನ ಸ್ವಿಚ್ಚಿನಲ್ಲೇ ಇರುತ್ತದೆ.

ಹಾಗಾಗಿ ಮಾಸ್ಟರ್ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಕರಕಲಾದರೂ ಹಿಂದಿನ ಗಾಜು ಒಂದು ದಿಕ್ಕಿಗೆ ಓಡುವುದಿಲ್ಲ. ಹಿಂದಿನ ಬಾಗಿಲು ಬಿಚ್ಚಿ, ಅಲ್ಲಿನ ಸ್ವಿಚ್ ಬದಲಿಸಿ, ಮೋಟಾರನ್ನೂ ಬದಲಿಸಿ, ಏನೂ ಆಗದೆ ತಲೆ ಕೆರೆದುಕೊಳ್ಳುವುದಕ್ಕೆ ಇದೇ ಕಾರಣ. ಪರೀಕ್ಷೆ ಸುಲಭ: ಹಿಂದಿನ ಸ್ವಿಚ್ಚಿನ ಕಪ್ಲರ್ ಬಿಚ್ಚಿ, ಮಾಸ್ಟರಿನಿಂದ ಬರುವ ಎರಡು ವೈರುಗಳಿಗೂ ಬಾಡಿಗೂ ನಡುವೆ ಓಂ ಅಳೆಯಿರಿ. ಎರಡೂ ಸೊನ್ನೆಯ ಹತ್ತಿರ ಇರಬೇಕು. ಯಾವುದರಲ್ಲಿ ಅರ್ಥ್ ಸಿಗುವುದಿಲ್ಲವೋ ದೋಷ ಆ ದಾರಿಯಲ್ಲಿದೆ.

ಚಾಲಕನ ಕಡೆಯಿಂದ ಓಡುತ್ತದೆ, ಆ ಬಾಗಿಲಿನ ಸ್ವಿಚ್ಚಿನಿಂದ ಓಡುವುದಿಲ್ಲ.

ಲಾಕ್ ಬಟನ್ ಒತ್ತಿಲ್ಲವೆಂದು ಖಚಿತವಿದ್ದರೆ, ಆ ಬಾಗಿಲಿನ ಸ್ವಿಚ್ಚಿಗೆ ಬರುವ ಕರೆಂಟು ವೈರ್ ಅಥವಾ ಸ್ವಿಚ್. ಮೋಟಾರಿನ ಸುದ್ದಿಗೆ ಹೋಗಬೇಡಿ.

ಬಾಗಿಲು ತೆರೆದಾಗ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಏನಿದು?

ಬಾಗಿಲು ಮತ್ತು ಬಾಡಿಯ ನಡುವೆ, ಕೀಲಿನ ಹತ್ತಿರ, ಸುಕ್ಕು ಸುಕ್ಕಾದ ಕಪ್ಪು ರಬ್ಬರ್ ಕೊಳವೆ ಇದೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೆ ಹಾಯುತ್ತವೆ. ವರ್ಷಗಟ್ಟಲೆ ತೆರೆದು ಮುಚ್ಚಿ ವೈರಿನ ತಾಮ್ರ ಒಳಗೊಳಗೇ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಸರಿಯಿರುವಂತೆ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಚಾಲಕನ ಬಾಗಿಲಿನಲ್ಲಿ ಇದು ಮೊದಲು ಬರುತ್ತದೆ. ಜೊತೆಗೆ ಆ ಬಾಗಿಲಿನ ಸ್ಪೀಕರ್ ಅಥವಾ ಸೆಂಟ್ರಲ್ ಲಾಕ್ ಸಹ ಆಗಾಗ ಕೈಕೊಡುತ್ತಿದ್ದರೆ ಅನುಮಾನವೇ ಬೇಡ.

ಪರೀಕ್ಷೆ: ಬಟನ್ ಒತ್ತಿ ಹಿಡಿದು ಬಾಗಿಲನ್ನು ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ಹೋಗಿ, ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದು ಅಲುಗಿಸಿ. ಯಾವುದೋ ಒಂದು ಕೋನದಲ್ಲಿ ಗಾಜು ಓಡಿದರೆ ದೋಷ ಸಿಕ್ಕಿತು. ಕೊಳವೆಯನ್ನು ಬಾಡಿಯ ಕಡೆಯಿಂದ ಎಳೆದು ಬಿಡಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ; ಒಳಗೆ ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ.

ದುರಸ್ತಿಯಲ್ಲಿ ಒಂದು ಎಚ್ಚರ. ತುಂಡಾದ ಜಾಗದಲ್ಲೇ ಸೇರಿಸಿ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಕೆಲವೇ ತಿಂಗಳಲ್ಲಿ ಮತ್ತೆ ಮುರಿಯುತ್ತದೆ. ಬೆಸುಗೆ ಹಾಕಿದ ವೈರ್ ಬಾಗುವ ಗುಣ ಕಳೆದುಕೊಳ್ಳುತ್ತದೆ. ಬಾಗುವ ಭಾಗವನ್ನು ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ, ಹಲವು ಎಳೆಗಳ ಆಟೊಮೋಟಿವ್ ವೈರನ್ನು ಸೇರಿಸಿ, ಜೋಡಣೆಗಳು ಕೊಳವೆಯಿಂದ ಹೊರಗೆ ಬಾಡಿಯೊಳಗೂ ಬಾಗಿಲಿನೊಳಗೂ ಬರುವಂತೆ ನೋಡಿಕೊಳ್ಳಿ. ಎಲ್ಲ ಜೋಡಣೆಗಳೂ ಒಂದೇ ಕಡೆ ಗುಂಪಾಗದಿರಲಿ. ಜೋಡಣೆಯ ಮೇಲೆ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವಂಥದ್ದು) ಹಾಕಿ. ಮನೆ ವೈರಿಂಗಿನ ಗಟ್ಟಿ ಒಂಟಿತಂತಿ ಇಲ್ಲಿ ನಡೆಯುವುದಿಲ್ಲ.

ಸ್ವಿಚ್ಚಿಗೆ ಡಬ್ಲ್ಯೂಡಿ-40 ಎಂಬ ಎಣ್ಣೆ ಸ್ಪ್ರೇ ಹೊಡೆದರೆ ಸರಿಹೋಗುತ್ತದಂತೆ?

ಹೊಡೆಯಬೇಡಿ. ಎಣ್ಣೆ ಒಳಗೇ ಉಳಿದು ಧೂಳನ್ನು ಹಿಡಿಯುತ್ತದೆ, ಕಾಂಟ್ಯಾಕ್ಟುಗಳ ನಡುವೆ ಕಿಡಿ ಹಾರಿ ಕರಕಲಾಗುತ್ತದೆ. ಸ್ವಿಚ್ ಸಣ್ಣದಾದರೂ ಅದರೊಳಗೆ ಹರಿಯುವ ಕರೆಂಟು ಸಣ್ಣದಲ್ಲ. 2012ರ ಅಕ್ಟೋಬರಿನಲ್ಲಿ ಟೊಯೊಟಾ ಕಂಪನಿ ಜಗತ್ತಿನಾದ್ಯಂತ ಸುಮಾರು 74 ಲಕ್ಷ ಕಾರುಗಳನ್ನು ವಾಪಸು ಕರೆದದ್ದು ಚಾಲಕನ ಬಾಗಿಲಿನ ಈ ಸ್ವಿಚ್ಚಿನಲ್ಲಿ ಗ್ರೀಸ್ ಸರಿಸಮನಾಗಿ ಹಚ್ಚಿರಲಿಲ್ಲ ಎಂಬ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಎಣ್ಣೆಗಳನ್ನು ಹಾಕಿದರೆ ಸ್ವಿಚ್ ಕರಗಿ ಹೊಗೆಯಾಡಬಹುದು, ಬೆಂಕಿಗೂ ದಾರಿಯಾಗಬಹುದು ಎಂದು ಆಗ ಎಚ್ಚರಿಕೆಯನ್ನೂ ಕೊಟ್ಟಿತ್ತು.

ಚಹಾ, ಜ್ಯೂಸು ಚೆಲ್ಲಿ ಸ್ವಿಚ್ ಅಂಟಾಗಿದ್ದರೆ ಬ್ಯಾಟರಿಯ ಋಣ ತುದಿ ತೆಗೆದು, ಸ್ವಿಚ್ಚನ್ನು ಹೊರತೆಗೆದು, ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಒತ್ತಿ ಬಿಡಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಪ್ಲಾಸ್ಟಿಕ್ ಕರಗಿದ ಗುರುತು, ಸುಟ್ಟ ವಾಸನೆ ಇದ್ದರೆ ತೊಳೆಯುವ ಪ್ರಯತ್ನ ಬಿಟ್ಟು ಹೊಸದನ್ನೇ ಹಾಕಿ. ಕಪ್ಲರಿನ ಪಿನ್ನುಗಳು ಕಪ್ಪಾಗಿದ್ದರೆ ಅವನ್ನೂ ಬದಲಿಸದೆ ಹೊಸ ಸ್ವಿಚ್ ಉಳಿಯುವುದಿಲ್ಲ.

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಹೊದಿಕೆ ಬಿಚ್ಚುವುದು ಹೇಗೆ?

ಬ್ಯಾಟರಿಯ ಋಣ ತುದಿಯನ್ನು ತೆಗೆಯಿರಿ. ಬಾಗಿಲಿನಲ್ಲಿ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರಾದರೆ ಕೈಪಿಡಿಯಲ್ಲಿ ಹೇಳಿರುವಷ್ಟು ಹೊತ್ತು ಕಾಯಿರಿ. ಸ್ಕ್ರೂಗಳು ಕಣ್ಣಿಗೆ ಬೀಳುವ ಜಾಗದಲ್ಲಿರುವುದಿಲ್ಲ: ಒಳಹ್ಯಾಂಡಲ್ ಬಟ್ಟಲಿನ ಸಣ್ಣ ಮುಚ್ಚಳದ ಹಿಂದೆ ಒಂದು, ಕೈ ಹಿಡಿಕೆಯ ತಳದಲ್ಲಿ ಒಂದೆರಡು, ಕೆಲವೊಮ್ಮೆ ಅಂಚಿನಲ್ಲಿ ಇನ್ನೊಂದು. ಇವೆಲ್ಲ ಹೊರಬಂದ ಮೇಲೆ ಪ್ಲಾಸ್ಟಿಕ್ ಚಪ್ಪಟೆ ಸಲಕರಣೆಯನ್ನು ಕೆಳ ಅಂಚಿನಲ್ಲಿ ತೂರಿಸಿ, ಕ್ಲಿಪ್ ಇರುವಲ್ಲೇ ಮೀಟಿ. ಕ್ಲಿಪ್ಪುಗಳೆಲ್ಲ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆತ್ತಿ ಗಾಜಿನ ಅಂಚಿನಿಂದ ಬಿಡಿಸಿ. ಜೋರಾಗಿ ಎಳೆಯಬೇಡಿ, ಹಿಂದೆ ಸ್ವಿಚ್ಚಿನ ಕಪ್ಲರೂ ಹ್ಯಾಂಡಲಿನ ಕೇಬಲೂ ಇವೆ. ಎರಡು ಮೂರು ಕ್ಲಿಪ್ ಮುರಿಯುವುದು ಸಹಜ. ಮೊದಲೇ ಕೆಲವನ್ನು ತಂದಿಟ್ಟುಕೊಳ್ಳಿ. ಕ್ಲಿಪ್ ಇಲ್ಲದೆ ಪ್ಯಾಡ್ ಹಾಕಿದರೆ ಹಳ್ಳ ಬಂದಾಗಲೆಲ್ಲ ಗಡಗಡ ಎನ್ನುತ್ತದೆ.

ಪ್ಯಾಡಿನ ಹಿಂದೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಅದನ್ನು ಹರಿಯಬೇಡಿ. ಅಂಟನ್ನು ಬ್ಲೇಡಿನಿಂದ ಕತ್ತರಿಸುತ್ತ ಬಿಡಿಸಿ, ಮತ್ತೆ ಅದೇ ಜಾಗಕ್ಕೆ ಪೂರ್ತಿ ಒತ್ತಿ ಕೂರಿಸಿ. ಏಕೆಂಬುದನ್ನು ಮಳೆಗಾಲದ ಪ್ರಶ್ನೆಯಲ್ಲಿ ಹೇಳಿದೆ.

ಮೋಟಾರ್ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೋಟಾರಿಗೆ ಎರಡೇ ವೈರುಗಳಿದ್ದರೆ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಜೋಡಿಸಿ, ಬ್ಯಾಟರಿ ಮತ್ತೆ ಸೇರಿಸಿ ಬಟನ್ ಒತ್ತಿ. ಮೇಲೆ ಕೆಳಗೆ ಎರಡಕ್ಕೂ ಬಲ್ಬು ಪ್ರಖರವಾಗಿ ಉರಿದರೆ ವೈರಿಂಗ್ ಸರಿ. ಬರೀ ಮೀಟರಿನಲ್ಲಿ 12 ವೋಲ್ಟ್ ಕಂಡಿತೆಂದು ಸಮಾಧಾನಪಡಬೇಡಿ. ಒಂದೇ ಎಳೆ ಉಳಿದ ವೈರ್ ಕೂಡ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಬಲ್ಬು ಉರಿದೂ ಮೋಟಾರ್ ತಿರುಗದಿದ್ದರೆ ಅದಕ್ಕೆ ನೇರವಾಗಿ ಬ್ಯಾಟರಿಯಿಂದ, ನಡುವೆ 20 ಆಂಪಿಯರ್ ಫ್ಯೂಸ್ ಇಟ್ಟು, ಒಂದೆರಡು ಕ್ಷಣ ಕರೆಂಟು ಕೊಡಿ. ಆಮೇಲೆ ತುದಿ ಬದಲಿಸಿ. ಎರಡಕ್ಕೂ ಅಲುಗದಿದ್ದರೆ ಮೋಟಾರ್ ಹೋಗಿದೆ. ಕೈ, ಬಟ್ಟೆ ಬಾಗಿಲಿನ ಒಳಗಿರಬಾರದು.

ಐದಾರು ಪಿನ್ನಿನ ಮೋಟಾರಿಗೆ ಈ ನೇರ ಪ್ರಯೋಗ ಮಾಡಲೇಬೇಡಿ. ಅದರ ಮೈಯಲ್ಲೇ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ತಪ್ಪು ಪಿನ್ನಿಗೆ ಕೊಟ್ಟರೆ ಸರಿಯಿದ್ದದ್ದೂ ಸುಡುತ್ತದೆ.

ಮಕ್ಕಳು ಸುಮ್ಮನೆ ಹತ್ತಿಪ್ಪತ್ತು ಸಲ ಏರಿಸಿ ಇಳಿಸಿ ಆಡಿದ ಮೇಲೆ ನಿಂತಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ. ಮೋಟಾರ್ ಬಿಸಿಯಾದಾಗ ತಾನೇ ಕರೆಂಟು ಕಡಿದುಕೊಳ್ಳುವ ರಕ್ಷಣೆ ಅದರೊಳಗಿದೆ. ತಣಿದ ಮೇಲೆ ಮತ್ತೆ ಓಡುತ್ತದೆ.

ರೆಗ್ಯುಲೇಟರ್ ಬದಲಿಸುವುದನ್ನು ನಾವೇ ಮಾಡಬಹುದೇ?

ಕೇಬಲ್ ಮಾದರಿಯದಾದರೆ ಮಾಡಬಹುದು. ಗಾಜನ್ನು ಮೇಲೆತ್ತಿ ಚೌಕಟ್ಟಿಗೆ ಟೇಪಿನಿಂದ ಭದ್ರವಾಗಿ ಕಟ್ಟಿದ ಮೇಲೆಯೇ ಗಾಜಿನ ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ; ಬಹುತೇಕ 10 ನಂಬರ್ ಸ್ಪ್ಯಾನರ್ ಹಿಡಿಸುತ್ತದೆ. ಬಾಗಿಲಿನ ತಗಡಿನ ಅಂಚು ಹರಿತ, ಕೈಗವಸು ಬೇಕು. ಹೊಸದನ್ನು ಕೂರಿಸುವಾಗ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಗಾಜನ್ನು ಪೂರ್ತಿ ಮೇಲಕ್ಕೆ ಓಡಿಸಿ ಅದು ಚಾನಲಿನಲ್ಲಿ ತಾನಾಗಿ ಕುಳಿತುಕೊಳ್ಳಲು ಬಿಟ್ಟು, ಆಮೇಲೆ ಬಿಗಿ ಮಾಡಿ. ಕೆಳಗಿದ್ದಾಗಲೇ ಬಿಗಿದರೆ ಗಾಜು ವಾಲಿಕೊಂಡು ಏರುತ್ತದೆ, ಹೊಸ ಕ್ಲಿಪ್ ಬೇಗ ಮುರಿಯುತ್ತದೆ.

ಕತ್ತರಿಯಂತೆ ಎರಡು ತೋಳು ದಾಟುವ ಮಾದರಿಯದಾದರೆ ಅನುಭವಿಗಳ ಕೈಗೇ ಕೊಡಿ. ಗಾಜಿನ ಭಾರ ಸರಿದೂಗಿಸಲು ಅದರಲ್ಲಿ ಸುರುಳಿ ಸ್ಪ್ರಿಂಗ್ ಬಿಗಿದು ಕೂತಿರುತ್ತದೆ. ಹಲ್ಲಿನ ತಗಡನ್ನು ಕಟ್ಟಿಹಾಕದೆ ಮೋಟಾರ್ ಬಿಚ್ಚಿದರೆ ಆ ತೋಳು ಒಮ್ಮೆಲೇ ಹೊಡೆಯುತ್ತದೆ. ಬೆರಳು ಹೋಗುವಷ್ಟು ಜೋರು ಅದಕ್ಕಿದೆ.

ಗಾಜು ಬಹಳ ನಿಧಾನ ಏರುತ್ತದೆ, ಒಂದು ಕಡೆಗೆ ವಾಲುತ್ತದೆ.

ಚಾನಲಿನ ರಬ್ಬರಿನಲ್ಲಿ ಧೂಳು ಕುಳಿತಿದೆ ಅಥವಾ ರಬ್ಬರ್ ಗಟ್ಟಿಯಾಗಿದೆ. ಬಳ್ಳಾರಿ, ಕಲಬುರಗಿ ಕಡೆಯ ಬಿಸಿಲು ಧೂಳಿಗೆ ಇದು ಬೇಗ ಬರುತ್ತದೆ. ಗಾಜು ಇಳಿಸಿ, ಒದ್ದೆ ಬಟ್ಟೆಯನ್ನು ತೆಳು ಕಡ್ಡಿಗೆ ಸುತ್ತಿ ಚಾನಲಿನೊಳಗೆ ಮೇಲಿಂದ ಕೆಳಗೆ ಹಲವು ಸಲ ಒರೆಸಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಗಾಜು ಏರಿಸಿ ಇಳಿಸಿ. ಗ್ರೀಸ್, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಬೇಡ. ರಬ್ಬರ್ ಉಬ್ಬುತ್ತದೆ, ಧೂಳು ಅಂಟಿ ಕೆಸರಾಗುತ್ತದೆ. ಮೇ ಕೊನೆಯಲ್ಲಿ ಮಳೆಗೆ ಮುಂಚೆ ಒಮ್ಮೆ, ಆರು ತಿಂಗಳಿಗೆ ಇನ್ನೊಮ್ಮೆ ಮಾಡಿದರೆ ಮೋಟಾರಿನ ಆಯುಷ್ಯ ನಿಜಕ್ಕೂ ಹೆಚ್ಚುತ್ತದೆ. ಎಲ್ಲ ಗಾಜುಗಳೂ ನಿಧಾನವಾಗಿದ್ದರೆ ಬ್ಯಾಟರಿ ಪರೀಕ್ಷಿಸಿ.

ಗಾಜು ಮೇಲೆ ಹೋಗಿ ತಾನೇ ಕೆಳಗೆ ಬಂದುಬಿಡುತ್ತದೆ.

ಬೆರಳು ಸಿಕ್ಕಿಕೊಳ್ಳದಂತೆ ತಡೆಯುವ ಆ್ಯಂಟಿ ಪಿಂಚ್ ವ್ಯವಸ್ಥೆ ಅಡ್ಡಿಯಿದೆ ಎಂದು ಭಾವಿಸುತ್ತಿದೆ. ವಾಹನಗಳಿಗೆ ವಿಶ್ವಸಂಸ್ಥೆ ರೂಪಿಸಿದ ಯುಎನ್ ಆರ್21 ನಿಯಮದ ಪ್ರಕಾರ ಗಾಜು ಮತ್ತು ಚೌಕಟ್ಟಿನ ನಡುವೆ 200ರಿಂದ 4 ಮಿಲಿಮೀಟರ್ ತೆರಪಿರುವಾಗ ಒತ್ತಡ 100 ನ್ಯೂಟನ್, ಅಂದರೆ ಸುಮಾರು 10 ಕೆ.ಜಿ. ಭಾರ ದಾಟುವ ಮುನ್ನ ಗಾಜು ಹಿಂದಿರುಗಬೇಕು. ಚಾನಲ್ ಒಳಗೆ ಕೂರುವ ರೇನ್ ವೈಸರ್ (ಮಳೆ ತಡೆಯಲು ಗಾಜಿನ ಮೇಲಂಚಿಗೆ ಹಾಕುವ ಪಟ್ಟಿ) ಹಾಕಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಅದನ್ನು ತೆಗೆಸಿ, ಹೊರಗೆ ಅಂಟಿಸುವ ಮಾದರಿ ಹಾಕಿಸಿ. ಸನ್‌ಶೇಡ್ ಜಾಲರಿಯ ಅಂಚು, ಎದ್ದ ಫಿಲ್ಮಿನ ತುದಿ, ಗಟ್ಟಿ ರಬ್ಬರ್ ಕೂಡ ಕಾರಣವಾಗುತ್ತವೆ.

ಬ್ಯಾಟರಿ ಬದಲಿಸಿದ ಮೇಲೆ ಒಂದೇ ಒತ್ತಿಗೆ ಪೂರ್ತಿ ಏರುತ್ತಿಲ್ಲ.

ಕೆಟ್ಟಿಲ್ಲ, ಗಾಜಿನ ಮೇಲ್ತುದಿ ಎಲ್ಲಿದೆ ಎಂಬ ನೆನಪು ಅಳಿಸಿದೆ. ಹೆಚ್ಚಿನ ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿ, ಗಾಜನ್ನು ಪೂರ್ತಿ ಇಳಿಸಿ, ಬಟನ್ ಎತ್ತಿ ಹಿಡಿದು ಪೂರ್ತಿ ಏರಿಸಿ, ಏರಿದ ಮೇಲೂ ಎರಡು ಮೂರು ಸೆಕೆಂಡು ಬಟನ್ ಬಿಡದೆ ಹಿಡಿದರೆ ಸರಿಯಾಗುತ್ತದೆ. ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕೈಪಿಡಿ ನೋಡಿ. ಈ ಕೆಲಸ ಮುಗಿಯುವ ತನಕ ಆ್ಯಂಟಿ ಪಿಂಚ್ ಕೆಲಸ ಮಾಡದಿರಬಹುದು, ಮಕ್ಕಳ ಕೈ ದೂರವಿರಲಿ.

ಮಳೆಗಾಲದಲ್ಲೇ ಏಕೆ ಹೆಚ್ಚು ಕೆಡುತ್ತದೆ?

ಗಾಜಿನ ಮೇಲೆ ಬಿದ್ದ ನೀರು ಅದರ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಬಾಗಿಲಿನೊಳಗೆ ಇಳಿಯುವುದು ದೋಷವಲ್ಲ. ಕಾರು ತಯಾರಿಸುವವರೇ ಅದಕ್ಕೆ ದಾರಿ ಮಾಡಿದ್ದಾರೆ: ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ತೂತುಗಳಿವೆ, ಒಳಗಿನ ಪ್ಲಾಸ್ಟಿಕ್ ಹಾಳೆ ಆ ನೀರನ್ನು ಸ್ವಿಚ್ಚು, ಕಪ್ಲರುಗಳಿಂದ ದೂರವಿಡುತ್ತದೆ. ತೂತಿಗೆ ಕೆಸರು, ಎಲೆ ಕಟ್ಟಿಕೊಂಡರೆ ಬಾಗಿಲು ತೊಟ್ಟಿಯಾಗುತ್ತದೆ. ಬಾಗಿಲು ಹಾಕುವಾಗ ಒಳಗೆ ನೀರು ತುಳುಕುವ ಸದ್ದು ಕೇಳಿದರೆ ತಡಮಾಡದೆ ತಳದ ರಬ್ಬರ್ ಸರಿಸಿ ಆ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ.

ಇನ್ನೊಂದು ಕಾರಣ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಪೀಕರ್. ಅವಸರದಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಸ್ಪೀಕರ್ ಕೂರಿಸಿ ಹಾಗೇ ಬಿಟ್ಟರೆ, ಮುಂದಿನ ಮಳೆಗಾಲದಲ್ಲಿ ನೀರು ನೇರ ಕಪ್ಲರಿನ ಮೇಲೆ ತೊಟ್ಟಿಕ್ಕುತ್ತದೆ. ತಿಂಗಳುಗಟ್ಟಲೆ ಮಳೆ ಹಿಡಿಯುವ ಕರಾವಳಿ, ಮಲೆನಾಡುಗಳಲ್ಲಿ ಪಿನ್ನುಗಳು ಹಸಿರುಗಟ್ಟಿ ಕೂರಲು ಒಂದು ಮಳೆಗಾಲ ಸಾಕು. ಹಸಿರು ಪುಡಿಯನ್ನು ಕ್ಲೀನರಿನಿಂದ ತೊಳೆದು, ಹರಿದ ಹಾಳೆಯ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯುಟೈಲ್ ಟೇಪಿನಿಂದ (ನೀರು ತಡೆಯುವ ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಅಂಟಿಸಿ.

ಎಲ್ಲ ಪರೀಕ್ಷೆಯೂ ಸರಿ, ಆದರೂ ಓಡುತ್ತಿಲ್ಲ. ಹೊಸ ಕಾರು.

ಅನೇಕ ಹೊಸ ಮಾದರಿಗಳಲ್ಲಿ ಬಟನ್ ಒತ್ತಿದರೆ ಮೋಟಾರಿಗೆ ನೇರವಾಗಿ ಕರೆಂಟು ಹೋಗುವುದಿಲ್ಲ. ಬಾಗಿಲಿನ ಮಾಡ್ಯೂಲಿಗೆ ಅಥವಾ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ ಸಂದೇಶ ಹೋಗುತ್ತದೆ, ಅದು ಮೋಟಾರನ್ನು ಓಡಿಸುತ್ತದೆ. ಇಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚುವುದು ಅಪಾಯ. ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಸಿ, ಸ್ವಿಚ್ ಒತ್ತಿದ್ದು ಮಾಡ್ಯೂಲಿಗೆ ತಿಳಿಯುತ್ತಿದೆಯೇ ಎಂದು ಲೈವ್ ಡೇಟಾದಲ್ಲಿ ನೋಡಿಸಿ. ವಾರಂಟಿಯಲ್ಲಿರುವ ಕಾರಿನ ವೈರ್ ಕತ್ತರಿಸಿದರೆ ಕಂಪನಿ ವಾರಂಟಿ ನಿರಾಕರಿಸಬಹುದು.

ಬಿಡಿಭಾಗ ಕೊಳ್ಳುವಾಗ ಏನು ಹೇಳಬೇಕು?

ಮಾದರಿ, ತಯಾರಾದ ವರ್ಷ ಮತ್ತು ತಿಂಗಳು, ಎಡವೋ ಬಲವೋ, ಮುಂದೋ ಹಿಂದೋ, ಒಂದೇ ಒತ್ತಿಗೆ ಏರುವ ಸೌಲಭ್ಯ ಇದೆಯೋ ಇಲ್ಲವೋ, ಕಪ್ಲರಿನಲ್ಲಿ ಎಷ್ಟು ಪಿನ್ನು. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಒಳ್ಳೆಯದು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾದರೂ ನಿಮ್ಮೂರಿನ ಅಂಗಡಿಯಲ್ಲಾದರೂ. ಎಡ ಬಲದ ಮೋಟಾರುಗಳು ಸಾಮಾನ್ಯವಾಗಿ ಕನ್ನಡಿಯ ಬಿಂಬದಂತಿರುತ್ತವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೇಬಲ್ ಮಾತ್ರ ತುಂಡಾಗಿದ್ದರೆ ಮೋಟಾರ್ ಇಲ್ಲದ ರೆಗ್ಯುಲೇಟರ್ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ.

ಕಾರು ನೀರಿನಲ್ಲಿ ಸಿಕ್ಕಿಕೊಂಡರೆ ಪವರ್ ವಿಂಡೋ ಕೆಲಸ ಮಾಡುತ್ತದೆಯೇ?

ಆರಂಭದಲ್ಲಿ ಮಾಡಬಹುದು, ಅದನ್ನು ನೆಚ್ಚಿ ಕೂರಬಾರದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಕಾರೊಂದು ಮುಳುಗಿ ಜೀವ ಹೋಗಿದೆ. ನೀರು ನಿಂತ ಕೆಳಸೇತುವೆಗೆ ಕಾರು ಇಳಿಸಲೇಬೇಡಿ. ಸಿಕ್ಕಿಕೊಂಡರೆ ಸೀಟ್‌ಬೆಲ್ಟ್ ಬಿಚ್ಚಿ ತಕ್ಷಣ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ನೀವೂ ಹೊರಬನ್ನಿ. ಫೋನ್ ಮಾಡುವುದು ಆಮೇಲೆ. ನೀರು ಗಾಜಿನ ಮಟ್ಟಕ್ಕೆ ಬಂದರೆ ಹೊರಗಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ, ಗಾಜೂ ಇಳಿಯದಿರಬಹುದು. ಆಗ ಪಕ್ಕದ ಗಾಜಿನ ಮೂಲೆಗೆ ಚೂಪುಮೊನೆಯ ಸುತ್ತಿಗೆಯಿಂದ ಹೊಡೆಯಿರಿ, ಅದು ಚೂರುಚೂರಾಗಿ ಉದುರುತ್ತದೆ. ಮುಂದಿನ ದೊಡ್ಡ ಗಾಜಿಗೆ ಹೊಡೆದು ಸಮಯ ಕಳೆಯಬೇಡಿ, ಅದು ಎರಡು ಪದರದ್ದು, ಒಡೆದರೂ ಉದುರುವುದಿಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಪದರದ್ದೇ ಇರುತ್ತದೆ. ಗಾಜಿನ ಮೂಲೆಯಲ್ಲಿರುವ ಗುರುತನ್ನು ಇಂದೇ ಓದಿ, ಯಾವ ಗಾಜು ಒಡೆಯುವಂಥದ್ದು ಎಂದು ಮನೆಯವರಿಗೆಲ್ಲ ತಿಳಿಸಿಡಿ. ಸುತ್ತಿಗೆ ಡಿಕ್ಕಿಯಲ್ಲಿ ಬೇಡ, ಚಾಲಕನ ಕೈಗೆ ಎಟಕುವಲ್ಲಿ ಇರಲಿ.